ಪ್ರಸವಕಾಲದ ಶ್ರೋಣಿಸಂಧಿ ವಿಚ್ಛೇದನ: ಒಂದು ಚಾರಿತ್ರಿಕ ವಿವೇಚನೆ

ತಾಯಿಯ ಶ್ರೋಣಿಯು ತೀರ ಕಿರಿದಾಗಿ, ಶಿಶುವಿನ ತಲೆಯು ಹೊರಬರಲಾರದೆ ಹೋದಾಗ ಮಾಡತಕ್ಕುದೇನು? ಹದಿನೆಂಟನೆಯ ಶತಮಾನದ ಯುರೋಪಿನ ವೈದ್ಯರಿಗೆ ಇದು ಘೋರ ಸಮಸ್ಯೆಯಾಗಿದ್ದಿತು. ಉದರವನ್ನು ಸೀಳಿದರೆ ತಾಯಿ ಬದುಕುವುದು ಅಪರೂಪ. ತಾಯಿಯನ್ನು ಉಳಿಸಬೇಕಾದರೆ ಶಿಶುವಿನ ತಲೆಯನ್ನು ಒಡೆದು ತೆಗೆಯಬೇಕಾಗುತ್ತಿದ್ದಿತು.

ಇವೆರಡಕ್ಕೂ ಹೊರತಾದ ಮಾರ್ಗವನ್ನು ಪ್ರತಿಪಾದಿಸಿದವನು ಫ್ರಾನ್ಸಿನ ಜಾನ್ ರೆನೆ ಸಿಗೋ. ಶ್ರೋಣಿಯ ಮುಂಭಾಗದ ಎರಡು ಎಲುಬುಗಳನ್ನು ಮೃದ್ವಸ್ಥಿಯು ಕೂಡಿಸಿದೆ. ಗರ್ಭಾವಸ್ಥೆಯಲ್ಲಿ ಈ ಸಂಧಿ ಸಹಜವಾಗಿಯೇ ತುಸು ಸಡಿಲಗೊಳ್ಳುತ್ತದೆ. ಅದನ್ನು ಕತ್ತರಿಸಿ ಅಗಲಿಸಿದರೆ ದಾರಿ ಹಿರಿದಾಗುವುದೆಂಬುದು ಅವನ ವಾದ. 1768ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಅಕಾಡೆಮಿಯು ಇದನ್ನು ತಿರಸ್ಕರಿಸಿತು. 1777ರ ಅಕ್ಟೋಬರ್ 1ರಂದು ಅವನು ಸುಶೋ ಎಂಬ ಸೈನಿಕಪತ್ನಿಯ ಮೇಲೆ ಈ ಶಸ್ತ್ರಕ್ರಿಯೆಯನ್ನು ನಡೆಸಿದನು. ಹಿಂದೆ ನಾಲ್ಕು ಶಿಶುಗಳನ್ನು ಕಳೆದುಕೊಂಡಿದ್ದ ಆಕೆಗೆ ಜೀವಂತ ಶಿಶು ದೊರೆಯಿತು. ವೈದ್ಯ ವಿದ್ಯಾಪೀಠವು ಸಿಗೋನ ಗೌರವಾರ್ಥವಾಗಿ ಪದಕವನ್ನು ಟಂಕಿಸಿತು. ಆದರೆ ಆ ತಾಯಿಗೆ ಮೂತ್ರ ತಡೆಯಲಾಗದ ಬಾಧೆಯೂ ನಡಿಗೆಯ ತೊಡಕೂ ಉಳಿದುವು. ಬೋಡ್ಲೋಕ್ ಮೊದಲಾದವರು ಈ ವಿಧಾನವನ್ನು ಪ್ರಬಲವಾಗಿ ವಿರೋಧಿಸಿದರು.

ಮುಂದೆ ಸಿಸೇರಿಯನ್ ಕ್ರಮವು ಸುರಕ್ಷಿತವಾದಂತೆ ಈ ಶಸ್ತ್ರಕ್ರಿಯೆಯು ಹಿಂದೆ ಸರಿಯಿತು. ಆದರೂ 1944ರಿಂದ ಡಬ್ಲಿನ್ನಿನ ರಾಷ್ಟ್ರೀಯ ಹೆರಿಗೆ ಆಸ್ಪತ್ರೆಯಲ್ಲಿ ಅಲೆಕ್ಸ್ ಸ್ಪೇನ್, ತರುವಾಯ ಆರ್ಥರ್ ಬ್ಯಾರಿ ಇದಕ್ಕೆ ಮರುಜೀವ ಕೊಟ್ಟರು. ಸಿಸೇರಿಯನ್ ಪದೇಪದೇ ನಡೆದರೆ ದಂಪತಿಗಳು ಸಂತಾನನಿಯಂತ್ರಣಕ್ಕೆ ಮನಸೋಲುವರೆಂಬ ಧಾರ್ಮಿಕ ಆತಂಕವೂ ಇದಕ್ಕೆ ಕಾರಣವಾಗಿದ್ದಿತು. 1980ರ ದಶಕದವರೆಗೆ ಐರ್ಲೆಂಡಿನಲ್ಲಿ ಸುಮಾರು 1,500 ಸ್ತ್ರೀಯರು ಇದಕ್ಕೊಳಗಾದರು. ತಮ್ಮ ಒಪ್ಪಿಗೆಯನ್ನೇ ಕೇಳಲಿಲ್ಲವೆಂದು ಅನೇಕರು ದೂರಿದರು. 2014ರಲ್ಲಿ ಸರ್ಕಾರವು ಪರಿಹಾರ ಯೋಜನೆಯನ್ನು ತಂದಿತು; 399 ಮಂದಿಗೆ ಪರಿಹಾರ ದೊರೆಯಿತು.

ಈ ಶಸ್ತ್ರಕ್ರಿಯೆಯನ್ನು ಸಾರಾಸಗಟಾಗಿ ಖಂಡಿಸುವುದು ನಮ್ಮ ಉದ್ದೇಶವಲ್ಲ. ಸಿಸೇರಿಯನ್ನಿಗೆ ಅನುಕೂಲವಿಲ್ಲದೆಡೆ ಅದು ಇಂದಿಗೂ ಪ್ರಾಣವುಳಿಸಬಲ್ಲದು. ಆದರೆ ಪ್ಯಾರಿಸ್ಸಿನಲ್ಲಿ ಬೇರೆ ಮಾರ್ಗಗಳು ಮರಣಕ್ಕೆ ಸಮೀಪವಾಗಿದ್ದುವು. ಡಬ್ಲಿನ್ನಿನಲ್ಲಿ ಸುರಕ್ಷಿತ ಮಾರ್ಗವೊಂದು ಕೈಯಳತೆಯಲ್ಲಿಯೇ ಇದ್ದಿತು. ಈ ಭೇದವನ್ನು ನಾವು ಮರೆಯಲಾಗದು. ವೈದ್ಯಚರಿತ್ರೆಯನ್ನು ಬರೆಯುವವರು ಶಿಶುವಿನ ಜನನದೊಡನೆ ವೃತ್ತಾಂತವನ್ನು ಮುಗಿಸದೆ, ತಾಯಿಯ ಮುಂದಿನ ಬಾಳನ್ನೂ ಸಾಕ್ಷ್ಯವೆಂದು ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ.