ವೈದ್ಯಕೀಯ ಬೋಧನೆಯಲ್ಲಿ ಪುರಾವೆಯ ಬಳಕೆ: ಥಾಣೆ, ಕಲ್ಯಾಣ್, ನವಿ ಮುಂಬಯಿ ಪ್ರದೇಶದ ಇತಿಹಾಸ

ವೈದ್ಯ ವಿದ್ಯಾರ್ಥಿಗೆ ಏನನ್ನು ಯಾವ ಹಂತದಲ್ಲಿ ಹೇಗೆ ಕಲಿಸಬೇಕು, ಕಲಿತದ್ದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ರೂಢಿಗೋ ಹಿರಿಯ ಪ್ರಾಧ್ಯಾಪಕರ ಅಭಿಪ್ರಾಯಕ್ಕೋ ಬಿಡದೆ, ಸಂಶೋಧನೆಯ ಫಲಿತಾಂಶ ನೋಡಿ ತೀರ್ಮಾನಿಸುವ ಕ್ರಮವನ್ನು ಪುರಾವೆ ಆಧಾರಿತ ವೈದ್ಯಕೀಯ ಬೋಧನೆ ಎನ್ನುತ್ತಾರೆ. ಮುಂಬಯಿಯ ಪೂರ್ವಕ್ಕೆ, ಖಾರಿಯ ಆಚೆ ಹಬ್ಬಿರುವ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಇದರ ಇತಿಹಾಸ ಚಿಕ್ಕದು. ಇಲ್ಲಿನ ಮೊದಲ ವೈದ್ಯಕೀಯ ಕಾಲೇಜುಗಳು ಹುಟ್ಟಿದ್ದೇ 1989ರಲ್ಲಿ. ಸಾಮಾನ್ಯವಾಗಿ ಸಂಶೋಧನೆ ಮೊದಲು ನಡೆದು ಅದರಿಂದ ನಿಯಮ ಹುಟ್ಟಬೇಕು. ಇಲ್ಲಿ ನಿಯಮ ಮೊದಲು ಬಂತು, ಅದು ಸರಿಯೇ ಎಂದು ನೋಡುವ ಕೆಲಸ ಆಮೇಲೆ ಶುರುವಾಯಿತು.

ಹಿನ್ನೆಲೆ

ವೈದ್ಯಕೀಯ ಬೋಧನೆಯನ್ನೇ ಅಧ್ಯಯನದ ವಸ್ತುವಾಗಿಸಿದವರಲ್ಲಿ ಮೊದಲಿಗರು ಅಮೆರಿಕದ ಜಾರ್ಜ್ ಮಿಲ್ಲರ್. 1950ರ ದಶಕದಲ್ಲಿ ಬಫಲೋ ವಿಶ್ವವಿದ್ಯಾಲಯದಲ್ಲಿ ಅವರು ವೈದ್ಯರನ್ನೂ ಶಿಕ್ಷಣತಜ್ಞರನ್ನೂ ಒಂದೇ ಮೇಜಿಗೆ ತಂದರು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ಉಪನ್ಯಾಸದ ಬದಲು ರೋಗಿಯ ಸಮಸ್ಯೆಯನ್ನು ಮುಂದಿಟ್ಟು ಕಲಿಸುವ ಪದ್ಧತಿ ಆರಂಭಿಸಿತು. 1975ರಲ್ಲಿ ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹೊಸ ಬಗೆಯ ಕ್ಲಿನಿಕಲ್ ಪರೀಕ್ಷೆಯೊಂದನ್ನು ವಿವರಿಸಿದರು. ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಓಸ್ಕಿ ಎಂದು ಕರೆಯುವುದು ಅದನ್ನೇ.

ಓಸ್ಕಿ ಬರುವ ಮೊದಲು ಒಬ್ಬ ವಿದ್ಯಾರ್ಥಿಗೆ ಸುಲಭದ ಲಾಂಗ್ ಕೇಸ್ (ಪೂರ್ತಿ ಪರೀಕ್ಷಿಸಿ ವಿವರಿಸಬೇಕಾದ ಒಬ್ಬ ರೋಗಿ) ಸಿಕ್ಕರೆ ಇನ್ನೊಬ್ಬನಿಗೆ ಕಷ್ಟದ್ದು ಸಿಗುತ್ತಿತ್ತು. ಪರೀಕ್ಷಕರ ಮನಸ್ಥಿತಿಯೂ ಅಂಕಪಟ್ಟಿಯಲ್ಲಿ ಸೇರುತ್ತಿತ್ತು. ಓಸ್ಕಿಯಲ್ಲಿ ಎಲ್ಲರೂ ಅದೇ ಸ್ಟೇಷನ್‌ಗಳನ್ನು ಸುತ್ತುತ್ತಾರೆ. ರಕ್ತದೊತ್ತಡ ನೋಡುವ ಸ್ಟೇಷನ್ನನ್ನೇ ತೆಗೆದುಕೊಳ್ಳಿ. ಮೂಲೆಯಲ್ಲಿ ಕುಳಿತ ಪರೀಕ್ಷಕರ ಕೈಯಲ್ಲಿ ಒಂದು ಚೆಕ್‌ಲಿಸ್ಟ್. ಏನು ಮಾಡಲಿದ್ದೇನೆಂದು ರೋಗಿಗೆ ಹೇಳಿದನೇ, ತೋಳು ಹೃದಯದ ಮಟ್ಟದಲ್ಲಿದೆಯೇ, ಮೊದಲು ನಾಡಿ ಹಿಡಿದು ಒತ್ತಡ ಅಂದಾಜಿಸಿ ಆಮೇಲೆ ಸ್ಟೆತಸ್ಕೋಪ್ ಇಟ್ಟನೇ, ಗಾಳಿಯನ್ನು ನಿಧಾನವಾಗಿ ಬಿಟ್ಟನೇ ಎಂದು ಸಾಲುಸಾಲಾಗಿ ಗುರುತು ಹಾಕುತ್ತಾರೆ. ಗಂಟೆ ಬಾರಿಸುತ್ತದೆ, ವಿದ್ಯಾರ್ಥಿ ಮುಂದಿನ ಸ್ಟೇಷನ್‌ಗೆ ಹೋಗುತ್ತಾನೆ. ಪರೀಕ್ಷಕರ ಪ್ರಶ್ನೆಗೆ ತಡವರಿಸುವ ವಿದ್ಯಾರ್ಥಿಯೂ ಇಲ್ಲಿ ಕೈಗುಣ ತೋರಿಸಿ ಪಾಸಾಗಬಹುದು.

ರೋಗಿಗೆ ಕೊಡುವ ಔಷಧಕ್ಕೆ ಪುರಾವೆ ಕೇಳುವ ವೈದ್ಯರು ತಾವೇ ಪಾಠ ಮಾಡುವಾಗ ಅದನ್ನು ಏಕೆ ಕೇಳುವುದಿಲ್ಲ ಎಂಬ ತಕರಾರು 1990ರ ದಶಕದಲ್ಲಿ ಜೋರಾಯಿತು. 1999ರಲ್ಲಿ ಹಾರ್ಡನ್ ಮುಂದಾಳತ್ವದಲ್ಲಿ ಬೆಸ್ಟ್ ಎವಿಡೆನ್ಸ್ ಮೆಡಿಕಲ್ ಎಜುಕೇಷನ್ ಎಂಬ ಅಂತರರಾಷ್ಟ್ರೀಯ ಸಹಯೋಗ ರೂಪುಗೊಂಡಿತು. ಒಂದು ಬೋಧನಾ ವಿಧಾನದ ಬಗ್ಗೆ ಜಗತ್ತಿನಲ್ಲೆಲ್ಲ ನಡೆದ ಅಧ್ಯಯನಗಳನ್ನು ಕಲೆಹಾಕಿ, ಜಳ್ಳು ತೂರಿ, ಉಳಿದದ್ದನ್ನು ಬೋಧಕರಿಗೆ ತಲುಪಿಸುವುದು ಅದರ ಕೆಲಸ. ಫಲಿತಾಂಶ ಎಷ್ಟು ಗಟ್ಟಿ ಎಂಬುದರ ಜೊತೆಗೆ, ಅದು ಯಾವ ಊರಿನ, ಎಂಥ ಕಾಲೇಜಿನ ಪರಿಸರದಲ್ಲಿ ಸಿಕ್ಕಿತು ಎಂಬುದನ್ನೂ ತೂಗಬೇಕೆಂದು ಅದರ ಮೊದಲ ಮಾರ್ಗದರ್ಶಿಯೇ ಹೇಳಿತ್ತು. ಭಾರತದಂಥ ದೇಶಕ್ಕೆ ಈ ಕೊನೆಯ ಮಾತೇ ಮುಖ್ಯ.

ಭಾರತದಲ್ಲಿ ಬೋಧಕರ ತರಬೇತಿಗೆ ಅಡಿಪಾಯ ಬಿದ್ದದ್ದು 1970ರ ದಶಕದ ಮಧ್ಯದಲ್ಲಿ, ಪುದುಚೇರಿಯ ಜಿಪ್ಮರ್‌ನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಿಕ್ಷಕ ತರಬೇತಿ ಕೇಂದ್ರದಿಂದ. 1997ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಪ್ರತಿ ಕಾಲೇಜಿನಲ್ಲೂ ಮೆಡಿಕಲ್ ಎಜುಕೇಷನ್ ಯೂನಿಟ್ ಇರಲೇಬೇಕೆಂದು ನಿಯಮ ಮಾಡಿತು.

ಕಾಲೇಜುಗಳು ಬಂದ ಬಗೆ

1980ರ ದಶಕದ ಕೊನೆಯವರೆಗೆ ಥಾಣೆ ಜಿಲ್ಲೆಯ ಹುಡುಗ ಡಾಕ್ಟರ್ ಓದಬೇಕೆಂದರೆ ಲೋಕಲ್ ರೈಲು ಹತ್ತಿ ಪರೇಲ್, ಸಾಯನ್ ಅಥವಾ ಭಾಯಖಳಾಕ್ಕೆ ಹೋಗಬೇಕಿತ್ತು. ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜು 1845ರದ್ದು, ಕೆಇಎಂ ಆಸ್ಪತ್ರೆಗೆ ಸೇರಿದ ಸೇಠ್ ಜಿ.ಎಸ್. ಕಾಲೇಜು 1926ರದ್ದು. 1970ರಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿಯ ನಿರ್ಮಾಣ ಶುರುವಾದ ಮೇಲೆ ಖಾಸಗಿ ಸಂಸ್ಥೆಗಳಿಗೆ ಜಾಗ ಸಿಕ್ಕಿತು. 1989ರಲ್ಲಿ ಕಾಮೋಠೆಯ ಎಂಜಿಎಂ ಮತ್ತು ನೆರೂಳ್‌ನ ಡಿ.ವೈ. ಪಾಟೀಲ್ ಕಾಲೇಜು ಆರಂಭವಾದವು. 1991ರಲ್ಲಿ ನೆರೂಳ್‌ನಲ್ಲೇ ತೇರ್ಣಾ ಕಾಲೇಜು ಬಂತು. 1992ರಲ್ಲಿ ಥಾಣೆ ಮಹಾನಗರಪಾಲಿಕೆ ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಗೆ ಹೊಂದಿಕೊಂಡಂತೆ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜು ತೆರೆಯಿತು.

ಆಡಳಿತದಲ್ಲಿ ಇವು ಒಂದೇ ಮನೆಯವಲ್ಲ. ಕಳವಾದ್ದು ಪಾಲಿಕೆಯ ಕಾಲೇಜು. ತೇರ್ಣಾ, ಕಳವಾ ಎರಡೂ 1998ರಲ್ಲಿ ಸ್ಥಾಪನೆಯಾದ ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಡಿ.ವೈ. ಪಾಟೀಲ್ 2002ರಲ್ಲಿ, ಎಂಜಿಎಂ 2006ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯಗಳಾಗಿ ತಮ್ಮ ಪರೀಕ್ಷೆಯನ್ನು ತಾವೇ ನಡೆಸತೊಡಗಿದವು. ಪರೀಕ್ಷೆಯ ಬಗೆ ಬದಲಿಸಿ ನೋಡಲು ಡೀಮ್ಡ್ ಕಾಲೇಜಿಗೆ ಹೆಚ್ಚು ಸ್ವಾತಂತ್ರ್ಯ. ಪಾಲಿಕೆಯ ಕಾಲೇಜಿಗೆ ಆ ಸ್ವಾತಂತ್ರ್ಯ ಕಡಿಮೆ, ಆದರೆ ಅದರ ಓಪಿಡಿ ತುಂಬಿ ತುಳುಕುತ್ತದೆ: ಮುಂಬ್ರಾ, ದಿವಾ, ಭಿವಂಡಿ, ಶಹಾಪುರ, ಮುರ್ಬಾಡ್‌ಗಳ ಬಡವರಿಗೆಲ್ಲ ಕಳವಾವೇ ದೊಡ್ಡಾಸ್ಪತ್ರೆ. ಬೆಡ್‌ಸೈಡ್ ಕ್ಲಿನಿಕ್‌ಗೆ ರೋಗಿಗಳ ಕೊರತೆಯಿಲ್ಲ. ಕೊರತೆ ಇರುವುದು ಕಲಿಸುವವರ ಬಿಡುವಿಗೆ.

ಕಲ್ಯಾಣ್ ಮತ್ತು ಡೊಂಬಿವಲಿಯ ಕಥೆ ಚಿಕ್ಕದು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಡೊಂಬಿವಲಿಯ ಶಾಸ್ತ್ರೀನಗರ ಆಸ್ಪತ್ರೆ, ಕಲ್ಯಾಣಿನ ರುಕ್ಮಿಣಿಬಾಯಿ ಆಸ್ಪತ್ರೆ ಎರಡೂ ಪಾಲಿಕೆಯವು, ಆದರೆ ಬೋಧನಾ ಆಸ್ಪತ್ರೆಗಳಾಗಿ ಬೆಳೆಯಲಿಲ್ಲ. ಪಕ್ಕದ ಅಂಬರನಾಥದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2024ರಲ್ಲಿ.

ಪರೇಲಿನ ಪ್ರಭಾವ

ಈ ಭಾಗದ ಬೋಧಕರಿಗೆ ಶಿಕ್ಷಣ ಸಂಶೋಧನೆಯ ಬಾಗಿಲು ತೆರೆದದ್ದು ಪರೇಲಿನಲ್ಲಿ. ಫಿಲಡೆಲ್ಫಿಯಾದ ಫೈಮರ್ ಪ್ರತಿಷ್ಠಾನ 2005ರಲ್ಲಿ ಭಾರತದ ತನ್ನ ಮೊದಲ ಪ್ರಾದೇಶಿಕ ಕೇಂದ್ರವನ್ನು ಸೇಠ್ ಜಿ.ಎಸ್. ಕಾಲೇಜಿನಲ್ಲಿ ಆರಂಭಿಸಿತು. ಅದನ್ನು ಮುನ್ನಡೆಸಿದವರು ಶಸ್ತ್ರಚಿಕಿತ್ಸಕ ಡಾ. ಅವಿನಾಶ್ ಸುಪೆ. ಮುಂದೆ ಲುಧಿಯಾನ, ಕೊಯಮತ್ತೂರುಗಳಲ್ಲಿ ಇಂಥ ಕೇಂದ್ರಗಳು ಬಂದವು. ಕರ್ನಾಟಕದಲ್ಲಿ ಮಣಿಪಾಲ ಫೈಮರ್ ಜೊತೆ ಸೇರಿ, ವೈದ್ಯ, ದಾದಿ, ಫಿಸಿಯೋಥೆರಪಿಸ್ಟ್‌ಗಳು ಒಟ್ಟಿಗೆ ಕಲಿಯುವ ವಿಧಾನಕ್ಕೆ ಒತ್ತು ಕೊಟ್ಟಿತು. ಫೈಮರ್ ಫೆಲೋಶಿಪ್‌ನ ಷರತ್ತು ಸರಳ: ಬಂದವರು ತಮ್ಮ ಕಾಲೇಜಿನಲ್ಲೇ ಒಂದು ಬದಲಾವಣೆ ಮಾಡಬೇಕು, ಅದರಿಂದ ಏನಾಯಿತೆಂದು ಅಳೆಯಬೇಕು. ಪಾಠ ಮಾಡುವುದೂ ಸಂಶೋಧನೆಯ ವಿಷಯವಾಗಬಹುದು ಎಂಬ ಅರಿವು ಅನೇಕ ಬೋಧಕರಿಗೆ ಮೂಡಿದ್ದು ಇಲ್ಲಿಯೇ. ವೈದ್ಯಕೀಯ ಪರಿಷತ್ತು ಆಮೇಲೆ ಬೋಧಕರಿಗಾಗಿ ತಂದ ಅಡ್ವಾನ್ಸ್ಡ್ ಕೋರ್ಸ್ ಕೂಡ ಇಂಥದೇ ಒಂದು ಪ್ರಾಜೆಕ್ಟ್ ಕೇಳುತ್ತದೆ.

2019ರ ನಂತರ

2019ರ ಆಗಸ್ಟ್‌ನಲ್ಲಿ ದೇಶದ ಎಲ್ಲ ಎಂಬಿಬಿಎಸ್ ಕಾಲೇಜುಗಳಿಗೂ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. ಅದಕ್ಕೂ ಹಿಂದಿನ ಚೌಕಟ್ಟು 1997ರದ್ದು. ಹೊಸದರಲ್ಲಿ ಆರಂಭಕ್ಕೆ ಒಂದು ಫೌಂಡೇಶನ್ ಕೋರ್ಸ್, ಮೊದಲ ವರ್ಷದಿಂದಲೇ ರೋಗಿಗಳ ಸಂಪರ್ಕ, ನಡತೆ-ನೀತಿ-ಸಂವಹನಕ್ಕೆ 27 ಮಾಡ್ಯೂಲ್‌ಗಳು, ಕಲಿತ ಕೌಶಲಕ್ಕೆ ಲಾಗ್‌ಬುಕ್‌ನಲ್ಲಿ ಸಹಿ. ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯೂ ಸೇರಿದೆ: ಹೊರರಾಜ್ಯದಿಂದ ನೆರೂಳ್‌ಗೆ ಬಂದ ವಿದ್ಯಾರ್ಥಿ ‘ಕುಠೆ ದುಖತೆ?’ ಎಂದು ಮರಾಠಿಯಲ್ಲಿ ಕೇಳಲು ಕಲಿಯುತ್ತಾನೆ, ಹುಬ್ಬಳ್ಳಿಗೆ ಹೋದವನು ‘ಎಲ್ಲಿ ನೋವು?’ ಎನ್ನಲು ಕಲಿಯುತ್ತಾನೆ.

ಇವುಗಳಲ್ಲಿ ಕೆಲವಕ್ಕೆ ಪುರಾವೆಯ ಬಲ ಮೊದಲೇ ಇತ್ತು. ಬೇಗನೆ ರೋಗಿಗಳ ಬಳಿ ಹೋದ ವಿದ್ಯಾರ್ಥಿಗಳಿಗೆ ಆಗುವ ಪ್ರಯೋಜನವನ್ನು ಬ್ರಿಟನ್ನಿನ ಟಿಮ್ ಡೋರ್ನನ್ ಮತ್ತು ಸಂಗಡಿಗರು 2006ರ ಸಮೀಕ್ಷೆಯಲ್ಲಿ ಪರಿಶೀಲಿಸಿದ್ದರು. ವೈದ್ಯಕೀಯ ಕಾಲೇಜುಗಳಿಗೆ 2020ರ ನಿಯಮ ಕಡ್ಡಾಯ ಮಾಡಿದ, ಬೊಂಬೆಗಳ ಮೇಲೆ ಕೌಶಲ ಕಲಿಸುವ ಸ್ಕಿಲ್ಸ್ ಲ್ಯಾಬ್‌ಗೆ 2005ರ ಇಸೆನ್‌ಬರ್ಗ್ ಸಮೀಕ್ಷೆಯ ಆಧಾರವಿದೆ. ಅದು ಸುಮಾರು 670 ಲೇಖನಗಳನ್ನು ಕಲೆಹಾಕಿ 109ನ್ನು ಮಾತ್ರ ಉಳಿಸಿಕೊಂಡಿತು. ಬೊಂಬೆಯ ಮೇಲೆ ಕಲಿಯುವಾಗ ಫಲ ಕೊಡುವ ಅಂಶಗಳಲ್ಲಿ ಆ ಅಧ್ಯಯನಗಳು ಹೆಚ್ಚು ಸಲ ಹೆಸರಿಸಿದ್ದು ಬೋಧಕರು ತಿದ್ದಿ ಹೇಳುವುದನ್ನು. ದುಬಾರಿ ಬೊಂಬೆ ಕೊಂಡು ಕೋಣೆಗೆ ಬೀಗ ಹಾಕಿಟ್ಟರೆ ತಪಾಸಣೆಯ ದಿನಕ್ಕೆ ಉಪಯೋಗ, ವಿದ್ಯಾರ್ಥಿಗಲ್ಲ.

ಇನ್ನು ಕೆಲವು ವಿಷಯಗಳಲ್ಲಿ ಪುರಾವೆ ಕೈಕೊಟ್ಟಿದೆ. ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20 ನೆನಪಿರುತ್ತದೆ ಎಂದು ಸಾರುವ ತ್ರಿಕೋನದ ಸ್ಲೈಡ್ ಬೋಧಕರ ಕಾರ್ಯಾಗಾರಗಳಲ್ಲಿ ಬಹುಕಾಲದಿಂದ ಸುತ್ತುತ್ತಿದೆ. ಅದನ್ನು ಎಡ್ಗರ್ ಡೇಲ್ ಹೆಸರಿಗೆ ಹಚ್ಚುತ್ತಾರೆ. 1946ರಲ್ಲಿ ಡೇಲ್ ಬರೆದ ಚಿತ್ರದಲ್ಲಿ ಒಂದು ಶೇಕಡಾವಾರು ಅಂಕಿಯೂ ಇರಲಿಲ್ಲ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ವಿದ್ಯಾರ್ಥಿಗಳನ್ನು ವಿಂಗಡಿಸಿ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೂ ಸಾಕಷ್ಟು ಆಧಾರವಿಲ್ಲವೆಂದು 2008ರಲ್ಲಿ ಹೆರಲ್ಡ್ ಪ್ಯಾಶ್ಲರ್ ತಂಡ ತೋರಿಸಿತು.

ಖರ್ಚಿಲ್ಲದೆ ಮಾಡಬಹುದಾದ, ಗಟ್ಟಿ ಆಧಾರವಿರುವ ವಿಧಾನವೆಂದರೆ ಮತ್ತೆ ಮತ್ತೆ ಚಿಕ್ಕ ಟೆಸ್ಟ್ ಕೊಡುವುದು. 2009ರಲ್ಲಿ ಡಗ್ಲಸ್ ಲಾರ್ಸನ್ ತಂಡ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೆಸಿಡೆಂಟ್ ವೈದ್ಯರಿಗೆ ಎರಡು ನರರೋಗಗಳ ಪಾಠ ಮಾಡಿತು. ಒಂದು ರೋಗದ ಬಗ್ಗೆ ಪದೇ ಪದೇ ಟೆಸ್ಟ್ ಕೊಟ್ಟಿತು, ಇನ್ನೊಂದರ ಟಿಪ್ಪಣಿಯನ್ನು ಓದಲು ಹೇಳಿತು. ಆರು ತಿಂಗಳ ಮೇಲೆ ನೋಡಿದರೆ ಟೆಸ್ಟ್ ಬರೆದ ವಿಷಯದಲ್ಲಿ ಸರಾಸರಿ ಅಂಕ 13 ಶೇಕಡಾ ಅಂಶಗಳಷ್ಟು ಹೆಚ್ಚಿತ್ತು. ನೂರಾರು ವಿದ್ಯಾರ್ಥಿಗಳು ತುಂಬಿರುವ ಲೆಕ್ಚರ್ ಹಾಲ್‌ಗೆ ಇದಕ್ಕಿಂತ ಹೊಂದುವ ಸಲಹೆ ಸಿಗುವುದು ಕಷ್ಟ. ಆದರೆ ನಮ್ಮಲ್ಲಿ ಟೆಸ್ಟ್ ಎಂದರೆ ಇಂಟರ್ನಲ್ ಅಂಕ, ಅಂಕವೆಂದರೆ ಭಯ. ಅಂಕವಿಲ್ಲದ ಟೆಸ್ಟ್‌ಗೆ ಹಾಜರಾತಿಯೇ ಇರುವುದಿಲ್ಲ.

ಕೊರತೆಗಳು

2022ರ ಬೋಧಕರ ಅರ್ಹತಾ ನಿಯಮದಲ್ಲಿ ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್, ಸಂಶೋಧನಾ ವಿಧಾನದ ಕೋರ್ಸ್ ಎರಡೂ ಬಡ್ತಿಗೆ ತಳುಕು ಹಾಕಿಕೊಂಡವು. ಇದರಿಂದ ತರಬೇತಾದವರ ಸಂಖ್ಯೆ ಏರಿದೆ, ಪ್ರಾಜೆಕ್ಟ್‌ಗಳೂ ಹೆಚ್ಚಿವೆ. ಅವುಗಳ ಗುಣಮಟ್ಟ ಬೇರೆ ಮಾತು. ಒಂದೇ ಕಾಲೇಜು, ಒಂದೇ ಬ್ಯಾಚು, ಪಾಠಕ್ಕೆ ಮೊದಲೊಂದು ಟೆಸ್ಟ್, ಮುಗಿದ ಕೂಡಲೇ ಇನ್ನೊಂದು, ಕೊನೆಗೆ ‘ಇಷ್ಟವಾಯಿತೇ’ ಎಂಬ ಪ್ರಶ್ನಾವಳಿ: ಬಹುಪಾಲು ಅಧ್ಯಯನಗಳ ಅಚ್ಚು ಇದು. ಪಾಠ ಮುಗಿದ ಕೂಡಲೇ ಅಂಕ ಏರದಿದ್ದರೆ ಆಶ್ಚರ್ಯಪಡಬೇಕು! ಆರು ತಿಂಗಳ ಮೇಲೆ ವಾರ್ಡಿನಲ್ಲಿ ಅದೇ ವಿದ್ಯಾರ್ಥಿ ಏನು ಮಾಡುತ್ತಾನೆಂದು ನೋಡುವುದು ವಿರಳ. ಅಂಕ ಕೊಡುವ ಗುರುವೇ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರೆ ವಿದ್ಯಾರ್ಥಿ ಇಲ್ಲವೆನ್ನುವುದು ಹೇಗೆ ಎಂಬ ನೈತಿಕ ತೊಡಕೂ ಇದೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಅಧೀನ ಸ್ಥಾನದಲ್ಲಿರುವವರ ಸಾಲಿನಲ್ಲಿ ವಿದ್ಯಾರ್ಥಿಗಳನ್ನೂ ಸೇರಿಸಿದೆ.

ಈ ಭಾಗಕ್ಕೆ ಒಂದು ಅನುಕೂಲವಿದೆ. ಪಾಲಿಕೆಯದು, ಸರ್ಕಾರದ್ದು, ಖಾಸಗಿ, ಡೀಮ್ಡ್, ಹೀಗೆ ನಾಲ್ಕು ಬಗೆಯ ಕಾಲೇಜುಗಳು ಲೋಕಲ್ ರೈಲಿನ ಅಂತರದಲ್ಲಿವೆ, ಪಠ್ಯಕ್ರಮವೂ ಒಂದೇ. ಕಳವಾ, ನೆರೂಳ್, ಕಾಮೋಠೆ, ಅಂಬರನಾಥದ ಎಜುಕೇಷನ್ ಯೂನಿಟ್‌ಗಳು ಒಂದೇ ಪ್ರಶ್ನೆಯನ್ನು ಹಿಡಿದು, ಒಂದೇ ಚೆಕ್‌ಲಿಸ್ಟ್‌ನಲ್ಲಿ ತಮ್ಮ ಇಂಟರ್ನ್‌ಗಳ ಕೆಲಸವನ್ನು ವರ್ಷಪೂರ್ತಿ ಅಳೆದು, ಫಲಿತಾಂಶವನ್ನು ಒಟ್ಟಿಗೆ ಪ್ರಕಟಿಸಬೇಕು. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ನಿಯಮವೂ ಬೇಡ.