ಚಿತ್ರ 1770, ಹೆಸರು 1773

ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಡ್ರೂ ಡ್ರೂರಿ ಎಂಬ ಬೆಳ್ಳಿ ವ್ಯಾಪಾರಿ ಇದ್ದ. ಅವನಿಗೆ ಕೀಟಗಳ ಹುಚ್ಚು. ಹಡಗಿನವರಿಗೆ ಹೇಳಿ ದೂರದೇಶಗಳಿಂದ ಕೀಟಗಳನ್ನು ತರಿಸಿಕೊಳ್ಳುತ್ತಿದ್ದ. ಅವುಗಳ ಚಿತ್ರ ಬರೆದವನು ಮೋಸೆಸ್ ಹ್ಯಾರಿಸ್. ತಾಮ್ರದ ಹಲಗೆಯಿಂದ ಗೆರೆಗಳನ್ನು ಅಚ್ಚು ಹಾಕಿ, ಆಮೇಲೆ ಒಂದೊಂದು ಪ್ರತಿಗೂ ಕೈಯಿಂದಲೇ ಜಲವರ್ಣ ತುಂಬುತ್ತಿದ್ದರು. ಮೊದಲ ಸಂಪುಟ 1770ರಲ್ಲಿ ಬಂತು. ವಿಚಿತ್ರವೆಂದರೆ, ಅದರ ಕೀಟಗಳಿಗೆ ಲ್ಯಾಟಿನ್ ಹೆಸರುಗಳು ಸಿಕ್ಕಿದ್ದು 1773ರಲ್ಲಿ, ಎರಡನೆಯ ಸಂಪುಟದ ಜೊತೆ. ಮೂರು ವರ್ಷ ಪುಸ್ತಕದಲ್ಲಿ ಅವುಗಳಿಗೆ ಆ ಹೆಸರುಗಳಿರಲಿಲ್ಲ.

ಹಾಗೆ ಹೆಸರು ಪಡೆದವುಗಳಲ್ಲಿ ಒಂದು ಲಿಬೆಲ್ಯುಲಾ ಪುಲ್ಕೆಲ್ಲಾ, ಅಂದರೆ ‘ಪುಟ್ಟ ಚೆಲುವೆ’. ಬೇಸಿಗೆಯಲ್ಲಿ ನಮ್ಮ ರಿಚ್ಮಂಡ್ ಹಿಲ್‌ನ ವಿಲ್‌ಕಾಕ್ಸ್ ಕೆರೆಯ ದಂಡೆಯಲ್ಲಿ ನಾನು ನೋಡುವುದು ಇದನ್ನೇ. ಒಂದೊಂದು ರೆಕ್ಕೆಗೆ 3 ಕಪ್ಪು ಮಚ್ಚೆ, ಒಟ್ಟು 12. ಎರಡನೆಯ ಸಂಪುಟದಲ್ಲಿ ಇನ್ನೊಂದಿದೆ: ಟುಲ್ಲಿಯಾ. ಗಂಡಿನ ರೆಕ್ಕೆಯ ಅರ್ಧ ಕಡುಕಪ್ಪು, ಪಕ್ಕದಲ್ಲಿ ಹಾಲು ಬಿಳುಪಿನ ಪಟ್ಟಿ, ತುದಿ ಗಾಜಿನಂತೆ. ಇದು ಮಂಡ್ಯದ ಹತ್ತಿರ ನಮ್ಮ ಅಜ್ಜಿಯ ಭತ್ತದ ಗದ್ದೆಯದು! ನನ್ನ ಎರಡು ಊರುಗಳು ಒಂದೇ ಪುಸ್ತಕದಲ್ಲಿವೆ.

ಸತ್ತ ಮೇಲೆ ಈ ಕೀಟಗಳ ಮೈಬಣ್ಣ ಬೇಗ ಮಂಕಾಗುತ್ತದೆ, ಆದರೆ ರೆಕ್ಕೆಯ ಮಚ್ಚೆ ಉಳಿಯುತ್ತದೆ. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದ ಒಣಗಿದ ಹುಳುವನ್ನು ನೋಡಿ ಬರೆಯುವವನಿಗೆ ನಂಬಬಹುದಾದದ್ದು ರೆಕ್ಕೆಯೊಂದೇ. ಹ್ಯಾರಿಸ್ ಅದನ್ನು ಚೆನ್ನಾಗಿ ಬರೆದ. ಡ್ರೂರಿಯ ಸಂಗ್ರಹ ಅವನು ಸತ್ತ ಮೇಲೆ, 1805ರಲ್ಲಿ, ಹರಾಜಾಗಿ ಹಂಚಿಹೋಯಿತು. ಚಿತ್ರಗಳು ಉಳಿದವು.

ಟುಲ್ಲಿಯಾ ರೋಮನ್ ಹೆಣ್ಣುಮಕ್ಕಳ ಹೆಸರು. ಗದ್ದೆಯವರು ಇದನ್ನು ಏನೆಂದು ಕರೆಯುತ್ತಾರೆಂದು ಡ್ರೂರಿ ಕೇಳಿದಂತೆ ಕಾಣುವುದಿಲ್ಲ. ನನಗೆ ಇದು ಸ್ವಲ್ಪ ಬೇಜಾರಿನ ವಿಷಯ. 150 ವರ್ಷಗಳ ನಂತರ, 1923ರಲ್ಲಿ, ಭಾರತದಲ್ಲಿ ಸೇನಾ ವೈದ್ಯರಾಗಿದ್ದ ಎಫ್. ಸಿ. ಫ್ರೇಸರ್ ಇನ್ನೊಂದು ಜಾತಿಗೆ ಗೊಂಫಿಡಿಯಾ ಕೊಡಗುಎನ್ಸಿಸ್ ಎಂದು ಹೆಸರಿಟ್ಟರು. ಲ್ಯಾಟಿನ್ ಬಾಲದ ಮುಂದೆ ನಮ್ಮ ಕೊಡಗು ಕೂತಿದೆ. ಅದನ್ನು ಓದಿದ ದಿನ ನಾನು ಅಮ್ಮನಿಗೆ ಮೂರು ಸಲ ಓದಿ ಹೇಳಿದೆ.

ಅಜ್ಜಿಯನ್ನು ಫೋನಿನಲ್ಲಿ ಕೇಳಿದಾಗ “ಏರೋಪ್ಲೇನ್ ಚಿಟ್ಟೆ ಕಣೋ” ಅಂದರು. ಆ ಹೆಸರು ವಿಮಾನ ಬಂದ ಮೇಲಿನದು. ಅದಕ್ಕೂ ಮೊದಲು ಏನನ್ನುತ್ತಿದ್ದರು? ನಮ್ಮ ಶಾಲೆಯ ಪೋಷಕರು ಹಲವು ಜಿಲ್ಲೆಗಳಿಂದ ಬಂದವರು. ನಿಮ್ಮ ಊರಿನಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ನನಗೆ ಹೇಳಿ, ಊರಿನ ಹೆಸರಿನೊಂದಿಗೆ. ಹ್ಯಾರಿಸ್‌ನ ಚಿತ್ರಗಳನ್ನು ನೋಡಿ ಬರೆದುಕೊಂಡಿರುವ ನನ್ನ ಪುಸ್ತಕದಲ್ಲಿ ಪ್ರತಿ ಚಿತ್ರದ ಕೆಳಗೂ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.