ಮೆನಾಂಡರನ ಚಕ್ರ-ಗರಿ ನಾಣ್ಯ: ಒಂದು ಟಿಪ್ಪಣಿ

1. ವಸ್ತು
ಇಂಡೋ-ಗ್ರೀಕ್ ಅರಸ ಒಂದನೆಯ ಮೆನಾಂಡರನ (ಸು. ಕ್ರಿ.ಪೂ. 155–130; ಆರಂಭವನ್ನು 165ಕ್ಕೆ ಒಯ್ಯುವವರೂ ಇದ್ದಾರೆ) ಕಂಚಿನ ಚೌಕ ನಾಣ್ಯಗಳಲ್ಲಿ ಅಪರೂಪದ ಬಗೆಯೊಂದಿದೆ. ಮುಂಬದಿಯಲ್ಲಿ ಎಂಟು ಅರಗಳ ಚಕ್ರ, ಜೊತೆಗೆ ‘ರಕ್ಷಕ ರಾಜ ಮೆನಾಂಡರನದು’ ಎಂಬರ್ಥದ ಗ್ರೀಕ್ ಲೇಖ. ಹಿಂಬದಿಯಲ್ಲಿ ಖರ್ಜೂರದ ಗರಿ ಮತ್ತು ಖರೋಷ್ಠಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’. (ನಾಣ್ಯದ ಖರೋಷ್ಠಿಯಲ್ಲಿ ದೀರ್ಘಸ್ವರದ ಗುರುತಿಲ್ಲ, ಹ್ರಸ್ವವನ್ನು ಹಾಗೆಯೇ ಉಳಿಸಿದೆ.)

2. ಚಕ್ರ
ಇದನ್ನು ಧರ್ಮಚಕ್ರವೆಂದೂ, ಅರಸ ಬೌದ್ಧನಾಗಿದ್ದನೆಂಬುದಕ್ಕೆ ಪುರಾವೆಯೆಂದೂ ಓದುವುದು ರೂಢಿ. ಎಂಟು ಅರಗಳನ್ನು ಅಷ್ಟಾಂಗ ಮಾರ್ಗಕ್ಕೆ ಹೊಂದಿಸುವುದಂತೂ ಅವಸರದ ಕೆಲಸ: ಸಾರನಾಥದ ಅಶೋಕ ಸ್ತಂಭದ ಫಲಕದಲ್ಲಿರುವ ಚಕ್ರಗಳಿಗೆ 24 ಅರಗಳಿವೆ. ಅರಗಳ ಸಂಖ್ಯೆ ಆ ಕಾಲಕ್ಕೆ ಸ್ಥಿರವಾಗಿದ್ದಂತೆ ತೋರುವುದಿಲ್ಲ. ಗ್ರೀಕ್ ಟಂಕಸಾಲೆಗಳಿಗೂ ಚಕ್ರ ಹೊಸದಲ್ಲ. ಮೆಸೆಂಬ್ರಿಯಾ ಮತ್ತು ಮಸ್ಸಾಲಿಯಾಗಳ ಬೆಳ್ಳಿ ನಾಣ್ಯಗಳಲ್ಲಿ ಅದು ಕಾಣುತ್ತದೆ, ಆದರೆ ನಾಲ್ಕು ಅರಗಳೊಂದಿಗೆ. ಚಕ್ರವರ್ತಿತ್ವದ ಲಾಂಛನವೆಂಬ ಮೂರನೆಯ ಓದು ‘ಮಹರಜ’ ಎಂಬ ಬಿರುದಿಗೆ ಹೊಂದುತ್ತದೆ. ಅದು ಬೌದ್ಧ ಅರ್ಥವನ್ನು ತಳ್ಳಿಹಾಕುವುದೂ ಇಲ್ಲ.

3. ಗರಿ
ಗರಿ ಗ್ರೀಕರ ವಿಜಯಚಿಹ್ನೆ. ಮೆನಾಂಡರನ ಇನ್ನೊಂದು ಬಗೆಯಲ್ಲಿ ಇದೇ ಗರಿ ಕಾಡುಹಂದಿಯ ತಲೆಯೊಂದಿಗೆ ಬರುತ್ತದೆ. ಆನೆಯ ತಲೆಗೆ ಹೆರಾಕ್ಲಿಸನ ಗದೆ, ಗೂಳಿಯ ತಲೆಗೆ ಮುಕ್ಕಾಲಿ ಜೋಡಿಯಾಗಿರುವುದೂ ಉಂಟು. ಈ ಸಾಲಿನಿಂದ ಚಕ್ರವನ್ನು ಮಾತ್ರ ಹೊರತೆಗೆದು ಓದುವುದು ಕ್ರಮಬದ್ಧವೆನಿಸುವುದಿಲ್ಲ.

4. ಹೊರಗಿನ ಆಧಾರಗಳು
ಮೆನಾಂಡರನನ್ನು ‘ಮಿಲಿಂದ’ನೆಂದು ಕರೆದು ಬೌದ್ಧನಾಗಿ ಚಿತ್ರಿಸುವ ಪಾಲಿಯ ‘ಮಿಲಿಂದಪಞ್ಹ’ ನಾಣ್ಯಕ್ಕಿಂತ ಈಚಿನದು. ಅರಸನ ಚಿತಾಭಸ್ಮವನ್ನು ನಗರಗಳು ಹಂಚಿಕೊಂಡವೆಂದು ಪ್ಲುಟಾರ್ಕ್ ಹೇಳುವುದು ಬುದ್ಧಧಾತುಗಳ ಹಂಚಿಕೆಯನ್ನು ನೆನಪಿಸುತ್ತದೆ. ಆದರೆ ಅವನು ಬರೆದದ್ದು ಸುಮಾರು ಎರಡು ಶತಮಾನಗಳ ಬಳಿಕ. ಮೇಲಾಗಿ ಅವನು ಮೆನಾಂಡರನನ್ನು ಬ್ಯಾಕ್ಟ್ರಿಯಾದವರ ದೊರೆ ಎನ್ನುತ್ತಾನೆ. ನಾಣ್ಯಗಳ ಹರವು ಸೂಚಿಸುವುದು ಮುಖ್ಯವಾಗಿ ಗಂಧಾರ, ಪಂಜಾಬ್‌ಗಳನ್ನು. ಶಿನ್‌ಕೋಟ್ ಕರಂಡಕದಲ್ಲಿ ಮೆನಾಂಡರನ ಹೆಸರಿರುವ ಭಾಗದ ಪ್ರಾಮಾಣ್ಯವನ್ನು ಹ್ಯಾರಿ ಫಾಕ್ 2005ರಲ್ಲಿ ಪ್ರಶ್ನಿಸಿದ್ದಾರೆ.

5. ‘ಧ್ರಮಿಕಸ’
‘ಧಾರ್ಮಿಕನದು’ ಎಂಬರ್ಥದ ಈ ಬಿರುದಿನ ನಾಣ್ಯಗಳನ್ನೂ ಹಿಂದೆ ಒಂದನೆಯ ಮೆನಾಂಡರನಿಗೇ ಸೇರಿಸಿ ವಾದ ಕಟ್ಟಲಾಗಿತ್ತು. ಬೋಪೆಆರಚ್ಚಿಯವರ ಕಾಲಾನುಕ್ರಮದಲ್ಲಿ ಅವು ಎರಡನೆಯ ಮೆನಾಂಡರನವು (ಸು. ಕ್ರಿ.ಪೂ. 90–85). ಈ ವಿಂಗಡಣೆ ನಿಂತರೆ, ‘ಧ್ರಮಿಕಸ’ವನ್ನು ಚಕ್ರ-ಗರಿ ನಾಣ್ಯಕ್ಕೆ ಸಾಕ್ಷ್ಯವಾಗಿ ಬಳಸುವಂತಿಲ್ಲ.